ಸ್ಟೀರಿಂಗ್ ಬಿಟ್ಟ ಕೈ ಬಾವುಟ ಹಿಡಿದಾಗ

ಪ್ರಶ್ನೆ: ನನಗೀಗ ಮೂವತ್ತಾರು ವರ್ಷ. ಹನ್ನೊಂದು ವರ್ಷ ಸಿಂಗಲ್ ಸೀಟರ್ ರೇಸ್ ಓಡಿಸಿದ್ದೇನೆ, ಬೆನ್ನಿನ ತೊಂದರೆಯಿಂದ ಈ ವರ್ಷ ನಿಲ್ಲಿಸಬೇಕಾಗಿದೆ. ರೇಸಿನ ಜಗತ್ತನ್ನು ಬಿಟ್ಟು ಹೋಗಲು ಮನಸ್ಸಿಲ್ಲ. ಅಮೆರಿಕದ ಸ್ಪೀಡ್‌ವೇಗಳಲ್ಲಿ ಓಡಿಸಿದವರೇ ಮುಂದೆ ಸ್ಟೀವರ್ಡ್ (ನಿಯಮ ಪಾಲನೆ ನೋಡಿ ತೀರ್ಪು ಕೊಡುವ ಅಧಿಕಾರಿ) ಆಗಿ ರೇಸ್ ನಡೆಸಿದ ಉದಾಹರಣೆಗಳಿವೆ ಎಂದು ಕೇಳಿದ್ದೇನೆ. ಅವರ ದಾರಿ ಹೇಗಿತ್ತು? ಚಾಲಕನಾಗಿದ್ದ ಅನುಭವ ಅಧಿಕಾರಿಯ ಕೆಲಸಕ್ಕೆ ನಿಜವಾಗಿಯೂ ಒದಗಿ ಬರುತ್ತದೆಯೇ? (ಮೈಸೂರಿನ ಓದುಗರೊಬ್ಬರು)

ಉತ್ತರ: ಒದಗಿ ಬರುತ್ತದೆ, ಆದರೆ ನೀವು ನಿರೀಕ್ಷಿಸುವ ಕಡೆಯಲ್ಲಿ ಅಲ್ಲ. ಟ್ರ್ಯಾಕಿನಲ್ಲಿ ಏನು ನಡೆಯುತ್ತಿದೆ ಎಂಬುದನ್ನು ಓಡಿಸಿದವನ ಕಣ್ಣು ಬೇರೆಯವರಿಗಿಂತ ಬೇಗ ಗುರುತಿಸುತ್ತದೆ. ಅದೇ ಓಡಿಸಿದವನ ಮನಸ್ಸು, ಓಡುತ್ತಿರುವ ರೇಸನ್ನು ನಿಲ್ಲಿಸಬೇಕಾದ ಗಳಿಗೆಯಲ್ಲಿ ಅವನ ಕೈಯನ್ನು ಕಟ್ಟಿಹಾಕುತ್ತದೆ. ಮೊದಲನೆಯದು ನಿಮ್ಮಲ್ಲಿ ಈಗಾಗಲೇ ಇದೆ. ಎರಡನೆಯದನ್ನು ಕಳೆದುಕೊಳ್ಳಲು ವರ್ಷಗಳು ಬೇಕಾಗುತ್ತವೆ, ಮತ್ತು ಚಾಲಕನೊಬ್ಬ ಅಧಿಕಾರಿಯಾಗುವ ದಾರಿಯೆಂದರೆ ಬಹುಮಟ್ಟಿಗೆ ಅದನ್ನು ಕಳೆದುಕೊಳ್ಳುವ ದಾರಿಯೇ. ಇದು ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಂಡಿಯಾನಾಪೊಲಿಸ್ ಸ್ಪೀಡ್‌ವೇಯ ಇತಿಹಾಸದಲ್ಲಿ. ಆದ್ದರಿಂದ ಅಲ್ಲಿಯ ಇಬ್ಬರು ಮೂವರ ಬದುಕನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಆ ಟ್ರ್ಯಾಕು ಎರಡೂವರೆ ಮೈಲಿ ಉದ್ದದ್ದು. ನಾಲ್ಕು ಎಡ ತಿರುವುಗಳು, ಪ್ರತಿ ತಿರುವಿನ ವಾಲು ಒಂಬತ್ತು ಡಿಗ್ರಿಗಿಂತ ತುಸು ಹೆಚ್ಚು, ಒಟ್ಟು 200 ಲ್ಯಾಪ್. 1911ರಿಂದ ಅಲ್ಲಿ 500 ಮೈಲಿಯ ರೇಸ್ ನಡೆಯುತ್ತಿದೆ. ನೋಡುವವರಿಗೆ ಸುತ್ತಿದಲ್ಲೇ ಸುತ್ತುವ ಸುಲಭದ ಆಟದಂತೆ ಕಂಡರೂ, ಅಧಿಕಾರಿಗೆ ಇದು ರಸ್ತೆ ಸರ್ಕ್ಯೂಟಿಗಿಂತ ಕಠಿಣ. ಗೋಡೆ ಪಕ್ಕದಲ್ಲೇ ಇರುತ್ತದೆ, ತಪ್ಪು ಮಾಡಿದ ಕಾರು ಹೊರಗೆ ಹೋಗಿ ನಿಲ್ಲಲು ಹುಲ್ಲುಗಾವಲಿಲ್ಲ, ಗೋಡೆಗೆ ಬಡಿದು ಮತ್ತೆ ಹಿಂದಿನವರ ದಾರಿಗೇ ಬಂದು ಬೀಳುತ್ತದೆ. 1963ರ ವೇಗದಲ್ಲಿ ಒಂದು ಲ್ಯಾಪಿಗೆ ಸರಿಸುಮಾರು ಒಂದು ನಿಮಿಷ ಹಿಡಿಯುತ್ತಿತ್ತು. ಅಂದರೆ ಚೀಫ್ ಸ್ಟೀವರ್ಡ್ ಆದವನು ತೀರ್ಮಾನ ತಡಮಾಡಿದ ಒಂದೊಂದು ನಿಮಿಷಕ್ಕೂ ಎಲ್ಲ ಕಾರುಗಳೂ ಅಪಾಯದ ಜಾಗವನ್ನು ಒಮ್ಮೆ ಹಾದು ಹೋಗಿರುತ್ತಿದ್ದವು.

ಆ ವರ್ಷದ ಚೀಫ್ ಸ್ಟೀವರ್ಡ್ ಹಾರ್ಲನ್ ಫೆಂಗ್ಲರ್. 1903ರಲ್ಲಿ ಹುಟ್ಟಿದ ಅವರು ಇಪ್ಪತ್ತನೆಯ ವಯಸ್ಸಿಗೇ, 1923ರಲ್ಲಿ, ಇಂಡಿಯಾನಾಪೊಲಿಸ್ 500ರಲ್ಲಿ ಓಡಿಸಿದ್ದರು. ಅದು ಅಮೆರಿಕದಲ್ಲಿ ಮರದ ಹಲಗೆಯ ಟ್ರ್ಯಾಕುಗಳ ಕಾಲ. ಮೈಲಿಗಟ್ಟಲೆ ಉದ್ದಕ್ಕೆ ಹಲಗೆಗಳನ್ನು ಜೋಡಿಸಿ, ತಿರುವುಗಳನ್ನು ಗೋಡೆಯಂತೆ ಕಡಿದಾಗಿ ಎತ್ತಿ ಕಟ್ಟುತ್ತಿದ್ದ ಆ ಟ್ರ್ಯಾಕುಗಳಲ್ಲಿ ಎಂಜಿನ್ನಿನಿಂದ ಸುರಿದ ಎಣ್ಣೆ ಹಲಗೆಯ ಮೇಲೆ ಹರಡಿರುತ್ತಿತ್ತು, ಮುರಿದ ಸೀಳುಗಳು ಹಾರಿ ಚಾಲಕರ ಮುಖಕ್ಕೆ ಬಡಿಯುತ್ತಿದ್ದವು. ಫೆಂಗ್ಲರ್ ಅಲ್ಲಿ ರೇಸ್ ಗೆದ್ದವರು. ಬಹಳ ಕಾಲದ ನಂತರ, 1958ರಲ್ಲಿ, ಅವರು ಅದೇ ಇಂಡಿಯಾನಾಪೊಲಿಸ್‌ಗೆ ಚೀಫ್ ಸ್ಟೀವರ್ಡ್ ಆಗಿ ಬಂದರು. ಆ ಮೊದಲ ವರ್ಷವೇ ಮೊದಲ ಲ್ಯಾಪಿನಲ್ಲಿ ಹದಿನೈದರಷ್ಟು ಕಾರುಗಳು ಒಂದಕ್ಕೊಂದು ಡಿಕ್ಕಿಯಾಗಿ ಪ್ಯಾಟ್ ಓಕಾನರ್ ಎಂಬ ಚಾಲಕರು ತೀರಿಕೊಂಡರು. ಮರುವರ್ಷ ಕಾರುಗಳಿಗೆ ರೋಲ್ ಬಾರ್ (ಕಾರು ಮಗುಚಿದರೆ ಚಾಲಕನ ತಲೆ ಕಾಯುವ ಕಂಬಿ) ಕಡ್ಡಾಯವಾಯಿತು.

ಈಗ 1963ರ ಕಥೆ. ರೇಸ್ ಮುಗಿಯುತ್ತ ಬಂದಿತ್ತು. ಪಾರ್ನೆಲ್ಲಿ ಜೋನ್ಸ್ ಮುಂದಿದ್ದರು. ಅವರ ಹಿಂದೆ ಸ್ಕಾಟ್ಲೆಂಡಿನ ಜಿಮ್ ಕ್ಲಾರ್ಕ್, ಇಂಡಿಯಾನಾಪೊಲಿಸ್‌ಗೆ ಆಗಷ್ಟೇ ಬಂದಿದ್ದ ಹಿಂಬದಿ ಎಂಜಿನ್ನಿನ ಲೋಟಸ್ ಕಾರಿನಲ್ಲಿ. ಜೋನ್ಸ್ ಕಾರಿನ ಎಡಬದಿಗೆ ಹೊರಗಡೆ ಜೋಡಿಸಿದ್ದ ಎಣ್ಣೆ ಟ್ಯಾಂಕಿನಲ್ಲಿ ಬಿರುಕು ಬಿಟ್ಟು ಎಣ್ಣೆ ಸೋರಲು ಶುರುವಾಯಿತು. ನಿಯಮ ಸ್ಪಷ್ಟವಾಗಿತ್ತು. ಎಣ್ಣೆ ಸೋರಿಸುವ ಕಾರಿಗೆ ಕರಿ ಬಾವುಟ ತೋರಿಸಬೇಕು, ಅದು ಪಿಟ್‌ಗೆ, ಅಂದರೆ ತಂಡದವರು ಕಾರು ನೋಡಿಕೊಳ್ಳುವ ಜಾಗಕ್ಕೆ, ಬರಬೇಕು. ಫೆಂಗ್ಲರ್ ದುರ್ಬೀನು ಹಿಡಿದು, ಪ್ರತಿ ಲ್ಯಾಪಿನಲ್ಲೂ ಆ ಕಾರು ಎದುರಿಗೆ ಹಾದಾಗಲೆಲ್ಲ ನೋಡುತ್ತಿದ್ದರು. ಅವರ ಒಂದು ಕಡೆ ಜೋನ್ಸ್ ಕಾರಿನ ಮಾಲೀಕ ಜೆ. ಸಿ. ಅಗಜಾನಿಯನ್ ಬಂದು, ಬಿರುಕಿನ ಮಟ್ಟಕ್ಕಿಂತ ಎಣ್ಣೆ ಕೆಳಗಿಳಿದಿದೆ, ಸೋರುವುದು ನಿಂತಿದೆ ಎಂದು ವಾದಿಸುತ್ತಿದ್ದರು. ಇನ್ನೊಂದು ಕಡೆ ಲೋಟಸ್‌ನ ಮುಖ್ಯಸ್ಥ ಕಾಲಿನ್ ಚಾಪ್‌ಮನ್ ಬಂದು, ಕರಿ ಬಾವುಟ ಹಾಕಲೇಬೇಕು ಎಂದು ಒತ್ತಾಯಿಸುತ್ತಿದ್ದರು. ಅತ್ತ ಟ್ರ್ಯಾಕಿನಲ್ಲಿ ಕೆಲವರು ಜಾರಿ ತಿರುಗಿದ್ದರು, ಅವರಲ್ಲಿ ಎಡ್ಡಿ ಸ್ಯಾಕ್ಸ್ ಕೂಡ ಒಬ್ಬರು. ಫೆಂಗ್ಲರ್ ನೋಡಿದರು, ಕೇಳಿದರು, ಮತ್ತೆ ನೋಡಿದರು. ಕರಿ ಬಾವುಟ ಬೀಸಲಿಲ್ಲ. ಜೋನ್ಸ್ ಗೆದ್ದರು, ಕ್ಲಾರ್ಕ್ ಅರ್ಧ ನಿಮಿಷಕ್ಕಿಂತ ತುಸು ಹಿಂದೆ ಎರಡನೆಯವರಾದರು. ಮರುದಿನ ಈ ಎಣ್ಣೆಯ ವಿಷಯಕ್ಕೇ ಸ್ಯಾಕ್ಸ್ ಮತ್ತು ಜೋನ್ಸ್ ನಡುವೆ ಮಾತಿಗೆ ಮಾತು ಬೆಳೆದು, ಜೋನ್ಸ್ ಅವರು ಸ್ಯಾಕ್ಸ್ ಮುಖಕ್ಕೆ ಗುದ್ದಿದರು.

ಅರವತ್ತು ವರ್ಷ ಕಳೆದರೂ ಈ ತೀರ್ಮಾನ ಸರಿಯೇ ತಪ್ಪೇ ಎಂಬ ಚರ್ಚೆ ನಿಂತಿಲ್ಲ. ಕರಿ ಬಾವುಟ ಬೀಸಬೇಕಿತ್ತು ಎಂಬುದೇ ನನ್ನ ಅಭಿಪ್ರಾಯ. ಆದರೆ ಫೆಂಗ್ಲರ್ ಪಕ್ಷಪಾತ ಮಾಡಿದರು, ಅಮೆರಿಕದವನನ್ನು ಗೆಲ್ಲಿಸಲು ನೋಡಿದರು ಎಂದು ಆಮೇಲೆ ಹೇಳಿದವರ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಅಲ್ಲಿ ಚಾಲಕನ ಹಾಗೆ ಯೋಚಿಸಿದರು ಎಂದೇ ನನಗೆ ಅನಿಸುತ್ತದೆ. ಎಣ್ಣೆ ಸುರಿಯುತ್ತಿದ್ದ ಹಲಗೆಯ ಮೇಲೆ ಓಡಿಸಿ ಬೆಳೆದ ಮನುಷ್ಯನಿಗೆ ಎಣ್ಣೆಯೆಂದರೆ ಸಹಿಸಿಕೊಳ್ಳಬೇಕಾದ ವಸ್ತು. ನೂರೈವತ್ತಕ್ಕೂ ಹೆಚ್ಚು ಲ್ಯಾಪು ಮುಂದಿದ್ದುಕೊಂಡು ಬಂದ ಕಾರನ್ನು ಕೊನೆಗಳಿಗೆಯಲ್ಲಿ ಕರೆದು ನಿಲ್ಲಿಸುವುದು ಚಾಲಕನ ನ್ಯಾಯದಲ್ಲಿ ಅನ್ಯಾಯ. ಟ್ಯಾಂಕಿನ ಎಣ್ಣೆ ಬಿರುಕಿಗಿಂತ ಕೆಳಗಿಳಿದರೆ ಸೋರುವುದು ನಿಲ್ಲುತ್ತದೆ ಎಂಬ ವಾದ ಅವರಿಗೆ ತಟ್ಟನೆ ಅರ್ಥವಾಗಿದ್ದೂ ಯಂತ್ರವನ್ನು ಬಲ್ಲವರು ಎಂಬ ಕಾರಣಕ್ಕೆ. ಏನೂ ತಿಳಿಯದ ಅಧಿಕಾರಿಯಾಗಿದ್ದರೆ ನಿಯಮದ ಪುಸ್ತಕ ನೋಡಿ ಬಾವುಟ ಬೀಸಿಬಿಡುತ್ತಿದ್ದ. ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಆ ಹೊತ್ತಿನಲ್ಲಿ ಇಬ್ಬರು ಮಾಲೀಕರು ಚೀಫ್ ಸ್ಟೀವರ್ಡ್ ಪಕ್ಕಕ್ಕೇ ಬಂದು ನಿಂತು ವಾದಿಸಲು ಸಾಧ್ಯವಿತ್ತು. ಇಂದು ರೇಸ್ ಕಂಟ್ರೋಲ್ ಕೋಣೆಗೆ ತಂಡದ ಮಾಲೀಕರು ನುಗ್ಗುವಂತಿಲ್ಲ. ನೀವು ಯಾವ ಮಟ್ಟದ ರೇಸಿಗೆ ಅಧಿಕಾರಿಯಾದರೂ ಮೊದಲು ಮುಚ್ಚಬೇಕಾದ ಬಾಗಿಲು ಅದು.

ಮರುವರ್ಷ 1964ರಲ್ಲಿ ಎರಡನೆಯ ಲ್ಯಾಪಿನಲ್ಲೇ ಡೇವ್ ಮ್ಯಾಕ್‌ಡೊನಾಲ್ಡ್ ಕಾರು ಗೋಡೆಗೆ ಬಡಿದು ಬೆಂಕಿ ಹೊತ್ತಿಕೊಂಡು ಟ್ರ್ಯಾಕಿಗೆ ಅಡ್ಡ ಬಂತು. ಹಿಂದಿನಿಂದ ಬಂದ ಎಡ್ಡಿ ಸ್ಯಾಕ್ಸ್ ಅದಕ್ಕೆ ಅಪ್ಪಳಿಸಿದರು. ಇಬ್ಬರೂ ತೀರಿಕೊಂಡರು. ಹಿಂದಿನ ವರ್ಷ ಎಣ್ಣೆಯ ಬಗ್ಗೆ ದನಿಯೆತ್ತಿದ್ದ ಅದೇ ಸ್ಯಾಕ್ಸ್. ಅಪಘಾತದ ಕಾರಣಕ್ಕೆ ಇಂಡಿಯಾನಾಪೊಲಿಸ್ 500 ರೇಸನ್ನು ಪೂರ್ತಿ ನಿಲ್ಲಿಸಿದ್ದು ಅದೇ ಮೊದಲು, ಆಗ ಚೀಫ್ ಸ್ಟೀವರ್ಡ್ ಆಗಿದ್ದವರು ಅದೇ ಫೆಂಗ್ಲರ್. ಟ್ರ್ಯಾಕು ತೆರವು ಮಾಡಿ ಮತ್ತೆ ರೇಸ್ ಆರಂಭಿಸಲು ಒಂದೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಅದಾದ ಮೇಲೆ ಕಾರುಗಳ ಇಂಧನದ ಬಗ್ಗೆ ನಿಯಮಗಳು ಬದಲಾದವು, ಗ್ಯಾಸೊಲಿನ್ ಹೋಗಿ ಮೆಥನಾಲ್ ಬಂತು.

ಫೆಂಗ್ಲರ್ ಅವರ ಕೊನೆಯ ವರ್ಷ 1973. ಆ ಮೇ ತಿಂಗಳನ್ನು ರೇಸಿನವರು ಇಂದಿಗೂ ತಗ್ಗಿದ ದನಿಯಲ್ಲೇ ನೆನೆಯುತ್ತಾರೆ. ಅಭ್ಯಾಸದಲ್ಲಿ ಆರ್ಟ್ ಪೊಲಾರ್ಡ್ ತೀರಿಕೊಂಡರು. ಸೋಮವಾರ ರೇಸ್ ಶುರುವಾದ ಕ್ಷಣವೇ ಸಾಲ್ಟ್ ವಾಲ್ಥರ್ ಕಾರು ಬೇಲಿಗೆ ಹತ್ತಿ ಪ್ರೇಕ್ಷಕರೂ ಗಾಯಗೊಂಡರು. ಮಳೆಯಿಂದಾಗಿ ಬುಧವಾರಕ್ಕೆ ಮುಂದೂಡಿದ ರೇಸಿನಲ್ಲಿ ಸ್ವೀಡ್ ಸ್ಯಾವೇಜ್ ಕಾರು ಗೋಡೆಗೆ ಬಡಿದು ಚೂರಾಗಿ ಬೆಂಕಿ ಹೊತ್ತಿಕೊಂಡಿತು, ಅವರು ಜುಲೈನಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಬೆಂಕಿಯ ಕಡೆಗೆ ಧಾವಿಸುತ್ತಿದ್ದ ಅಗ್ನಿಶಾಮಕ ವಾಹನ ಪಿಟ್ ದಾರಿಯಲ್ಲಿ ವಿರುದ್ಧ ದಿಕ್ಕಿನಲ್ಲಿ ಬಂದು, ಅದೇ ತಂಡದ ತರುಣ ಮೆಕ್ಯಾನಿಕ್ ಒಬ್ಬರಿಗೆ ಗುದ್ದಿ ಅವರೂ ತೀರಿಕೊಂಡರು. ರೇಸ್ 133 ಲ್ಯಾಪಿಗೆ ಮಳೆಯಿಂದ ನಿಂತಿತು. ನನ್ನನ್ನು ಇಂದಿಗೂ ಕಾಡುವುದು ಆ ವಾಹನ. ಅದರ ಚಾಲಕನಿಗೆ ಎಲ್ಲಿ ಹೋಗಬೇಕೆಂಬುದು ಗೊತ್ತಿತ್ತು, ಯಾವ ದಿಕ್ಕಿನಿಂದ ಹೋಗಬೇಕು ಎಂಬ ಕಟ್ಟಳೆ ಇರಲಿಲ್ಲ, ಅಥವಾ ಇದ್ದರೂ ಆ ಕ್ಷಣಕ್ಕೆ ಒದಗಲಿಲ್ಲ. ಕಾರು ಓಡಿಸುವವನ ಅನುಭವ ಎಷ್ಟೇ ಇದ್ದರೂ ಪಿಟ್ ದಾರಿಯಲ್ಲಿ ತುರ್ತು ವಾಹನಗಳ ಸಂಚಾರ ಹೇಗಿರಬೇಕು ಎಂಬುದನ್ನು ಅದು ಕಲಿಸುವುದಿಲ್ಲ, ಏಕೆಂದರೆ ಚಾಲಕ ಪಿಟ್ ದಾರಿಯನ್ನು ನೋಡುವುದು ತನ್ನ ತಂಡ ನಿಂತಿರುವ ಆ ಕೆಲವು ಅಡಿಯ ಜಾಗವಾಗಿ ಮಾತ್ರ.

1974ರಿಂದ ಫೆಂಗ್ಲರ್ ಜಾಗಕ್ಕೆ ಬಂದವರು ಟಾಮ್ ಬಿನ್‌ಫರ್ಡ್. ಅವರು ಚಾಲಕರಲ್ಲ, ಇಂಡಿಯಾನಾಪೊಲಿಸ್ ನಗರದ ಉದ್ಯಮಿ. 1995ರವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ ಆ ಹುದ್ದೆಯಲ್ಲಿದ್ದರು. ಓಡಿಸದವರಿಗೆ ರೇಸ್ ನಡೆಸುವ ಅರ್ಹತೆ ಇಲ್ಲ ಎಂದು ಪ್ಯಾಡಕ್‌ನಲ್ಲಿ (ತಂಡಗಳು ಬೀಡುಬಿಡುವ ಜಾಗದಲ್ಲಿ) ನೀವು ಕೇಳುವ ಮಾತನ್ನು ಅಲ್ಲಗಳೆಯಲು ಇದೊಂದೇ ಉದಾಹರಣೆ ಸಾಕು.

ಹಾಗಾದರೆ ಓಡಿಸಿದವರ ಅನುಭವ ಪೂರ್ಣ ಫಲ ಕೊಟ್ಟದ್ದು ಎಲ್ಲಿ? ಅದಕ್ಕೆ ವಾಲಿ ಡಾಲೆನ್‌ಬಾಕ್ ಅವರ ಬದುಕನ್ನು ನೋಡಬೇಕು. ನಿಮ್ಮ ಪ್ರಶ್ನೆಗೆ ನಾನು ಕೊಡಬಲ್ಲ ಅತ್ಯಂತ ಒಳ್ಳೆಯ ಉತ್ತರ ಅವರೇ.

1936ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಡಾಲೆನ್‌ಬಾಕ್ ಡ್ರ್ಯಾಗ್ ರೇಸಿನಿಂದ ಆರಂಭಿಸಿ, ಮಣ್ಣಿನ ಟ್ರ್ಯಾಕಿನ ಸ್ಪ್ರಿಂಟ್ ಕಾರುಗಳ ಮೂಲಕ ದೊಡ್ಡ ಸ್ಪೀಡ್‌ವೇಗಳಿಗೆ ಬಂದವರು. 1967ರಿಂದ 1979ರವರೆಗೆ, ಒಂದು ವರ್ಷವೂ ತಪ್ಪದೆ ಹದಿಮೂರು ಬಾರಿ ಇಂಡಿಯಾನಾಪೊಲಿಸ್ 500ರಲ್ಲಿ ಓಡಿಸಿದರು. ಒಮ್ಮೆಯೂ ಗೆಲ್ಲಲಿಲ್ಲ. 1973ರಲ್ಲಿ ಸ್ವೀಡ್ ಸ್ಯಾವೇಜ್ ತೀರಿಕೊಂಡ ಮೇಲೆ ಪ್ಯಾಟ್ರಿಕ್ ತಂಡದಲ್ಲಿ ಆ ಖಾಲಿಯಾದ ಸೀಟಿಗೆ ಕರೆಸಿಕೊಂಡದ್ದು ಇವರನ್ನೇ. ತನಗಿಂತ ಮುಂಚೆ ಅದೇ ಜಾಗದಲ್ಲಿ ಕುಳಿತಿದ್ದವನು ಹೇಗೆ ಸತ್ತ ಎಂಬುದನ್ನು ಬಲ್ಲ ಮನುಷ್ಯ ಆ ಸೀಟಿನಲ್ಲಿ ಕುಳಿತು ಅದೇ ವರ್ಷ ಕ್ಯಾಲಿಫೋರ್ನಿಯಾದ ಒಂಟಾರಿಯೊದಲ್ಲಿ 500 ಮೈಲಿಯ ರೇಸ್ ಗೆದ್ದರು. 1974ರಲ್ಲಿ ಇಂಡಿಯಾನಾಪೊಲಿಸ್‌ನ ಮೊದಲ ಸಾಲಿನಿಂದ ಹೊರಟು, ಮೊದಲ ಎರಡು ಲ್ಯಾಪು ಮುಂದಿದ್ದು, ಮೂರನೆಯ ಲ್ಯಾಪಿಗೆ ಎಂಜಿನ್ ಪಿಸ್ಟನ್ ಸುಟ್ಟು ಹೊರಬಿದ್ದರು. 1975ರದು ಇನ್ನೂ ಕಹಿ. 21ನೆಯ ಸ್ಥಾನದಿಂದ ಹೊರಟು ಎಲ್ಲರನ್ನೂ ದಾಟಿ 96 ಲ್ಯಾಪು ಮುಂದಿದ್ದರು. 162ನೆಯ ಲ್ಯಾಪಿಗೆ ಮತ್ತೆ ಪಿಸ್ಟನ್ ಕೈಕೊಟ್ಟಿತು. ಅದಾಗಿ ಹನ್ನೆರಡು ಲ್ಯಾಪಿಗೆ ಮಳೆ ಸುರಿದು ರೇಸನ್ನೇ ಮುಗಿಸಿದರು. ಆ ಹನ್ನೆರಡು ಲ್ಯಾಪು ಎಂಜಿನ್ ತಡೆದಿದ್ದರೆ ಅವರ ಬದುಕು ಬೇರೆಯೇ ಆಗುತ್ತಿತ್ತು.

ಈ ಸೋಲುಗಳನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಗೆದ್ದವನಿಗಿಂತ ಹೀಗೆ ಅಂಚಿನಲ್ಲಿ ಕಳೆದುಕೊಂಡವನಿಗೆ ರೇಸಿನ ಫಲಿತಾಂಶದಲ್ಲಿ ಅದೃಷ್ಟದ ಪಾಲು ಎಷ್ಟೆಂಬುದು ಹೆಚ್ಚು ಚೆನ್ನಾಗಿ ಗೊತ್ತಿರುತ್ತದೆ. ನಾಳೆ ಚಾಲಕನೊಬ್ಬ ಪೆನಾಲ್ಟಿಯ ಕಾಗದ ಹಿಡಿದು ಎದುರು ನಿಂತು, ನನ್ನಿಂದ ರೇಸ್ ಕಿತ್ತುಕೊಂಡಿರಿ ಎಂದಾಗ, ಆ ನೋವು ಎಂಥದು ಎಂದು ಬಲ್ಲವನೇ ಅದಕ್ಕೆ ಮಣಿಯದೆ ಉತ್ತರ ಹೇಳಬಲ್ಲ. ನೋವು ಗೊತ್ತಿಲ್ಲದವನು ಒಂದೋ ಕರಗಿಬಿಡುತ್ತಾನೆ, ಇಲ್ಲವೇ ಒರಟಾಗುತ್ತಾನೆ.

ಡಾಲೆನ್‌ಬಾಕ್ ಓಡಿಸುವುದನ್ನು ನಿಲ್ಲಿಸಿದ ಕಾಲಕ್ಕೆ ಅಮೆರಿಕದ ರೇಸಿನ ಆಡಳಿತವೇ ಇಬ್ಭಾಗವಾಗಿತ್ತು. 1978ರ ಏಪ್ರಿಲ್‌ನಲ್ಲಿ ಟ್ರೆಂಟನ್‌ನ ರೇಸ್ ಮುಗಿಸಿ ಇಂಡಿಯಾನಾಕ್ಕೆ ಮರಳುತ್ತಿದ್ದ ಸಣ್ಣ ವಿಮಾನ ಬಿದ್ದು, ಆಗ ರೇಸ್ ನಡೆಸುತ್ತಿದ್ದ ಯುಸ್ಯಾಕ್ ಸಂಸ್ಥೆಯ ಎಂಟು ಅಧಿಕಾರಿಗಳು ಒಂದೇ ಬಾರಿಗೆ ತೀರಿಕೊಂಡರು. ಅದೇ ವರ್ಷದ ಕೊನೆಗೆ ತಂಡದ ಮಾಲೀಕರು ಅಸಮಾಧಾನದಿಂದ ಕಾರ್ಟ್ ಎಂಬ ಬೇರೆ ಸಂಸ್ಥೆ ಕಟ್ಟಿದರು. ಮಾಲೀಕರೇ ಕಟ್ಟಿದ ಸಂಸ್ಥೆಯಲ್ಲಿ ಮಾಲೀಕರ ಕಾರುಗಳಿಗೇ ಪೆನಾಲ್ಟಿ ಹಾಕುವವನು ಯಾರು ಎಂಬ ಪ್ರಶ್ನೆ ಬಂದಾಗ, ಚಾಲಕರೆಲ್ಲ ನಂಬಬಲ್ಲ ಒಬ್ಬ ಮನುಷ್ಯ ಬೇಕಾಗಿತ್ತು. 1980ರ ದಶಕದ ಆರಂಭದಲ್ಲಿ ಡಾಲೆನ್‌ಬಾಕ್ ಕಾರ್ಟ್‌ನ ಚೀಫ್ ಸ್ಟೀವರ್ಡ್ ಆದರು, ಅಲ್ಲಿಂದ ಮುಂದೆ ಅವರ ವೃತ್ತಿಜೀವನದ ಬಹುಭಾಗ ಅಧಿಕಾರಿಯಾಗಿಯೇ ಕಳೆಯಿತು. ನಡುವೆ ಒಮ್ಮೆ, 1981ರ ಮೇ ತಿಂಗಳಲ್ಲಿ, ಅವರು ಮತ್ತೆ ಹೆಲ್ಮೆಟ್ ಧರಿಸಿದ್ದುಂಟು. ಮಾರಿಯೊ ಆಂಡ್ರೆಟ್ಟಿ ಬೆಲ್ಜಿಯಂನಲ್ಲಿ ಫಾರ್ಮುಲಾ ಒನ್ ರೇಸಿಗೆ ಹೋಗಿದ್ದಾಗ, ಇಂಡಿಯಾನಾಪೊಲಿಸ್‌ನಲ್ಲಿ ಅವರ ಕಾರನ್ನು ಅರ್ಹತಾ ಸುತ್ತಿನಲ್ಲಿ ಓಡಿಸಿ ಕೊಟ್ಟದ್ದು ಡಾಲೆನ್‌ಬಾಕ್. ಚಾಲಕ ಬದಲಾದ ಕಾರಣ ಆಂಡ್ರೆಟ್ಟಿ 32ನೆಯ ಸ್ಥಾನದಿಂದ ಹೊರಡಬೇಕಾಯಿತು. ಆ ರೇಸಿನಲ್ಲಿ ಬಾಬಿ ಅನ್ಸರ್ ಮೊದಲು ಗೆರೆ ದಾಟಿದರು. ಯಾರೂ ಯಾರನ್ನೂ ದಾಟಬಾರದ ಹಳದಿ ಬಾವುಟದ ವೇಳೆ ಪಿಟ್‌ನಿಂದ ಹೊರಬರುತ್ತ ಸಾಲಿನಲ್ಲಿದ್ದ ಕಾರುಗಳನ್ನು ದಾಟಿದರು ಎಂದು ಮರುದಿನ ಬೆಳಿಗ್ಗೆ ಅವರಿಗೆ ಒಂದು ಲ್ಯಾಪಿನ ಪೆನಾಲ್ಟಿ ಹಾಕಿ ಆಂಡ್ರೆಟ್ಟಿ ಗೆದ್ದರೆಂದು ಘೋಷಿಸಿದರು. ಅಕ್ಟೋಬರಿನಲ್ಲಿ ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿ, ಅನ್ಸರ್‌ಗೆ ಗೆಲುವು ಹಿಂದಿರುಗಿಸಿ 40,000 ಡಾಲರ್ ದಂಡ ಹಾಕಿತು. ರೇಸ್ ಮುಗಿದು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಗೆದ್ದವರು ಯಾರೆಂಬುದು ಇತ್ಯರ್ಥವಾಗದೆ ಉಳಿಯಿತು. ತಪ್ಪು ನಡೆದ ಹೊತ್ತಿನಲ್ಲೇ, ರೇಸ್ ಓಡುತ್ತಿರುವಾಗಲೇ ಪೆನಾಲ್ಟಿ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಆ ಕಾಲದ ಅಧಿಕಾರಿಗಳಿಗೆ ಬೇರೆ ಇರಲಿಲ್ಲ.

ಆದರೆ ಡಾಲೆನ್‌ಬಾಕ್ ಅವರನ್ನು ನಾನು ಗೌರವಿಸುವುದು ಪೆನಾಲ್ಟಿಗಳ ಕಾರಣಕ್ಕಲ್ಲ. ಕಾರ್ಟ್‌ನಲ್ಲಿ ಪ್ರತಿ ರೇಸಿಗೂ ಸಂಚರಿಸುವ ಸುರಕ್ಷತಾ ತಂಡವೊಂದು ಬೆಳೆದುದಕ್ಕೆ ಅವರ ಬೆಂಬಲ ದೊಡ್ಡದು. ಅದಕ್ಕೂ ಮುಂಚೆ ಪ್ರತಿ ಊರಿನ ಟ್ರ್ಯಾಕಿನಲ್ಲಿ ಆಯಾ ಊರಿನ ಆಂಬುಲೆನ್ಸ್, ಆಯಾ ಊರಿನ ಸ್ವಯಂಸೇವಕರು ಇರುತ್ತಿದ್ದರು. ಅವರಲ್ಲಿ ಅನೇಕರು ರೇಸ್ ಕಾರಿನ ಕಾಕ್‌ಪಿಟ್ ನೋಡುತ್ತಿದ್ದುದೇ ಅಪಘಾತವಾದ ಮೇಲೆ. ಬೆಲ್ಟ್ ಎಲ್ಲಿ ಬಿಚ್ಚಬೇಕು, ಸ್ಟೀರಿಂಗ್ ಹೇಗೆ ಕಳಚಬೇಕು, ಮೆಥನಾಲ್ ಬೆಂಕಿ ಹಗಲಿನಲ್ಲಿ ಕಣ್ಣಿಗೇ ಕಾಣದು ಎಂಬುದನ್ನು ಅವರು ಆ ಕ್ಷಣದಲ್ಲಿ ಕಲಿಯಬೇಕಿತ್ತು. ಹೊಸ ವ್ಯವಸ್ಥೆಯಲ್ಲಿ ಡಾ. ಸ್ಟೀವ್ ಓಲ್ವಿ, ಡಾ. ಟೆರ‍್ರಿ ಟ್ರ್ಯಾಮೆಲ್ ಮತ್ತು ಅದೇ ಅಗ್ನಿಶಾಮಕರು, ಅದೇ ರಕ್ಷಣಾ ಸಿಬ್ಬಂದಿ ಊರಿಂದ ಊರಿಗೆ ಜೊತೆಯಲ್ಲೇ ಹೋಗುತ್ತಿದ್ದರು. ಚಾಲಕರ ಹೆಸರು, ಮುಖ, ಹಿಂದಿನ ಗಾಯ ಎಲ್ಲವೂ ಅವರಿಗೆ ಪರಿಚಿತ. ಓಡಿಸಿದವನ ಕಣ್ಣಿನ ನಿಜವಾದ ಉಪಯೋಗ ನನಗೆ ಕಾಣುವುದು ಇಲ್ಲಿ. ಕಾರಿನೊಳಗೆ ಸಿಕ್ಕಿಕೊಂಡವನಿಗೆ ಹೊರಗಿನಿಂದ ಬರುವ ಕೈ ಎಂಥದಾಗಿರಬೇಕು ಎಂಬುದನ್ನು, ಆ ಕೈಗಾಗಿ ಕಾದಿರಬಹುದಾದವನು ಮಾತ್ರ ಅಷ್ಟು ನಿಖರವಾಗಿ ಹೇಳಬಲ್ಲ.

2001ರ ಸೆಪ್ಟೆಂಬರ್ 15ರಂದು ಜರ್ಮನಿಯ ಲಾಸಿಟ್ಜ್‌ರಿಂಗ್ ಎಂಬ ಓವಲ್‌ನಲ್ಲಿ (ಅಂಡಾಕಾರದ ಟ್ರ್ಯಾಕಿನಲ್ಲಿ) ಅಲೆಕ್ಸ್ ಜನಾರ್ಡಿ ಪಿಟ್‌ನಿಂದ ಹೊರಬರುವಾಗ ಕಾರು ತಿರುಗಿ ಟ್ರ್ಯಾಕಿಗೆ ಅಡ್ಡವಾದಾಗ, ಪೂರ್ಣ ವೇಗದಲ್ಲಿ ಬಂದ ಮತ್ತೊಂದು ಕಾರು ಅದನ್ನು ಎರಡಾಗಿ ಸೀಳಿತು. ಅವರ ಎರಡೂ ಕಾಲುಗಳು ಹೋದವು, ದೇಹದ ರಕ್ತದ ಬಹುಪಾಲು ಅಲ್ಲೇ ಹರಿದುಹೋಗಿತ್ತು. ಕಾರ್ಟ್‌ನ ಆ ಸುರಕ್ಷತಾ ತಂಡ ಕ್ಷಣಗಳಲ್ಲಿ ತಲುಪಿ, ರಕ್ತ ತಡೆದು, ಹೆಲಿಕಾಪ್ಟರಿನಲ್ಲಿ ಬರ್ಲಿನ್ ಆಸ್ಪತ್ರೆಗೆ ಸೇರಿಸಿತು. ಜನಾರ್ಡಿ ಬದುಕಿದರು. 2012ರ ಲಂಡನ್ ಮತ್ತು 2016ರ ರಿಯೊ ಪ್ಯಾರಾಲಿಂಪಿಕ್ಸ್‌ಗಳಲ್ಲಿ ಹ್ಯಾಂಡ್‌ಸೈಕಲ್ ಓಡಿಸಿ ಚಿನ್ನ ಗೆದ್ದರು.

ಅದೇ ವರ್ಷದ ಏಪ್ರಿಲ್‌ನಲ್ಲಿ ಕಾರ್ಟ್ ಮಾಡಿದ ಇನ್ನೊಂದು ಕೆಲಸ ಅಷ್ಟೇ ಮಹತ್ವದ್ದು. ಟೆಕ್ಸಾಸ್‌ನ ಸ್ಪೀಡ್‌ವೇಯ ತಿರುವುಗಳು ಆಗ 24 ಡಿಗ್ರಿ ವಾಲು ಹೊಂದಿದ್ದವು. ಅಭ್ಯಾಸದಲ್ಲಿ ಕಾರುಗಳು ಗಂಟೆಗೆ 230 ಮೈಲಿ ದಾಟಿದಾಗ ಚಾಲಕರ ಮೈಮೇಲೆ ಗುರುತ್ವದ ಐದು ಪಟ್ಟಿಗಿಂತ ಹೆಚ್ಚಿನ ಒತ್ತಡ ಬೀಳುತ್ತಿತ್ತು. 25 ಚಾಲಕರಲ್ಲಿ 21 ಮಂದಿ ತಲೆ ತಿರುಗುವುದು, ಕಣ್ಣು ಮಂಜಾಗುವುದು, ದಿಕ್ಕು ತಪ್ಪುವುದು ಅನುಭವಕ್ಕೆ ಬಂದಿದೆ ಎಂದು ವೈದ್ಯರ ಮುಂದೆ ಒಪ್ಪಿಕೊಂಡರು. ರೇಸಿಗೆ ಕೆಲವೇ ಗಂಟೆ ಇರುವಾಗ ಅದನ್ನು ರದ್ದುಪಡಿಸಿದರು. ಪ್ರೇಕ್ಷಕರು ಬರತೊಡಗಿದ್ದರು, ಟಿವಿ ಪ್ರಸಾರ ನಿಗದಿಯಾಗಿತ್ತು, ಟ್ರ್ಯಾಕಿನವರು ಆಮೇಲೆ ಮೊಕದ್ದಮೆ ಹೂಡಿದರು, ಅದು ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಇಲ್ಲಿ ನನ್ನ ಮನಸ್ಸಿಗೆ ನಾಟುವುದು ಆ 21ರ ಸಂಖ್ಯೆ. ನೀವೂ ಚಾಲಕರು, ನಿಮಗೆ ಗೊತ್ತು: ಚಾಲಕ ತನ್ನ ದೌರ್ಬಲ್ಯವನ್ನು ತಾನಾಗಿ ಯಾರಿಗೂ ಹೇಳುವುದಿಲ್ಲ, ಹೇಳಿದರೆ ಸೀಟು ಹೋಗುತ್ತದೆ. ಅಷ್ಟು ಮಂದಿ ಬಾಯಿ ಬಿಟ್ಟರೆಂದರೆ, ಕೇಳಿದವರ ಮೇಲೆ ಅವರಿಗೆ ಎರಡು ದಶಕಗಳಿಂದ ಬೆಳೆದುಬಂದ ನಂಬಿಕೆ ಇತ್ತು ಎಂದರ್ಥ.

ಡಾಲೆನ್‌ಬಾಕ್ ಕೊಲರಾಡೊದ ಬೆಟ್ಟಗಳ ನಡುವೆ ನೆಲೆಸಿದ್ದು, 2024ರ ಏಪ್ರಿಲ್‌ನಲ್ಲಿ 87ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಚಿನ ಉದಾಹರಣೆಯೊಂದನ್ನು ಚಿಕ್ಕದಾಗಿ ಹೇಳಿ ನಮ್ಮ ಕಡೆಗೆ ಬರುತ್ತೇನೆ. ನೆದರ್ಲೆಂಡ್ಸ್‌ನ ಆರಿ ಲಯೆಂಡೈಕ್ 1990 ಮತ್ತು 1997ರಲ್ಲಿ ಇಂಡಿಯಾನಾಪೊಲಿಸ್ 500 ಗೆದ್ದವರು. 1997ರ ಆ ಗೆಲುವಿನ ಕೊನೆಯ ಲ್ಯಾಪಿನಲ್ಲಿ, ಆರಂಭದ ಗೆರೆಯ ಬಳಿ ರೇಸ್ ಮತ್ತೆ ಶುರು, ಇದೇ ಕೊನೆಯ ಲ್ಯಾಪು ಎಂದು ಹೇಳುವ ಹಸಿರು ಮತ್ತು ಬಿಳಿ ಬಾವುಟ ಬೀಸುತ್ತಿದ್ದರೆ, ಟ್ರ್ಯಾಕಿನ ಸುತ್ತ ಹಳದಿ ದೀಪಗಳು ಇನ್ನೂ ಉರಿಯುತ್ತಿದ್ದವು. ಎರಡು ವಾರದೊಳಗೆ ಟೆಕ್ಸಾಸ್‌ನಲ್ಲಿ ಲ್ಯಾಪು ಎಣಿಕೆಯ ತಪ್ಪಿನಿಂದ ಬೇರೊಬ್ಬರನ್ನು ಗೆದ್ದವರೆಂದು ಘೋಷಿಸಿದರು. ಗೆದ್ದದ್ದು ನಾನು ಎಂದು ಹೇಳಲು ಬಂದ ಲಯೆಂಡೈಕ್ ಅವರನ್ನು ಎದುರಾಳಿ ತಂಡದ ಮಾಲೀಕ ಎ. ಜೆ. ಫಾಯ್ಟ್ ಎಲ್ಲರೆದುರೇ ಹೊಡೆದು ಕೆಡವಿದರು. ಮರುದಿನ ಎಣಿಕೆ ಸರಿಪಡಿಸಿ ಲಯೆಂಡೈಕ್ ಅವರೇ ಗೆದ್ದವರೆಂದು ಒಪ್ಪಿದರು. ಅಧಿಕಾರಿಗಳ ತಪ್ಪಿನ ಎರಡೂ ಮುಖಗಳನ್ನು ಹತ್ತು ಹದಿನೈದು ದಿನಗಳೊಳಗೆ ಕಂಡ ಈ ಮನುಷ್ಯ, 2016ರಿಂದ ಇಂಡಿಯಾನಾಪೊಲಿಸ್ 500 ಸೇರಿದ ಇಂಡಿಕಾರ್ ಸರಣಿಯ ರೇಸ್ ಕಂಟ್ರೋಲ್‌ನಲ್ಲಿ ಸ್ಟೀವರ್ಡ್ ಆಗಿ ಕುಳಿತರು. ಫಾರ್ಮುಲಾ ಒನ್‌ನಲ್ಲೂ 2010ರಿಂದ ಸ್ಟೀವರ್ಡ್‌ಗಳ ಸಮಿತಿಯಲ್ಲಿ ಮಾಜಿ ಚಾಲಕರೊಬ್ಬರನ್ನು ಸೇರಿಸಿಕೊಳ್ಳುತ್ತ ಬಂದಿದ್ದಾರೆ. ಇಂಥ ವ್ಯವಸ್ಥೆಯಲ್ಲಿ ಮಾಜಿ ಚಾಲಕ ಒಬ್ಬನೇ ತೀರ್ಪು ಕೊಡುವುದಿಲ್ಲ, ಇತರರ ಪಕ್ಕದಲ್ಲಿ ಕುಳಿತು ತೀರ್ಪಿಗೆ ತನ್ನ ಕಣ್ಣನ್ನು ಕೊಡುತ್ತಾನೆ. ಫೆಂಗ್ಲರ್ ಅವರಿಗೆ 1963ರಲ್ಲಿ ಪಕ್ಕದಲ್ಲಿ ಇಂಥವರು ಇಬ್ಬರು ಇದ್ದಿದ್ದರೆ ಚೆನ್ನಾಗಿತ್ತು.

ನನ್ನದೇ ಒಂದು ತಪ್ಪನ್ನೂ ಹೇಳಬೇಕು. ರ‍್ಯಾಲಿ ಓಡಿಸುವುದು ಬಿಟ್ಟು ಅಧಿಕಾರಿಯಾದ ಎರಡನೆಯ ವರ್ಷ, ಮಲೆನಾಡಿನ ಕಾಫಿ ತೋಟವೊಂದರಲ್ಲಿ ರ‍್ಯಾಲಿಯ ಒಂದು ಹಂತದ ಆರಂಭದ ಗೆರೆಯಲ್ಲಿ ನಿಂತಿದ್ದೆ. ಒಂದು ಕಾರು ಬಂದು ನಿಂತಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯಿತು. ಚಾಲಕ ನನ್ನ ಜೊತೆ ನಾಲ್ಕು ವರ್ಷ ಓಡಿಸಿದ್ದವನು. ಕಿಟಕಿಯಿಂದ ತಲೆ ಹಾಕಿ, ಕಾರ್ಬುರೇಟರ್ ಸ್ವಲ್ಪ ಉಕ್ಕಿದೆ, ಹೊರಟರೆ ಸರಿಹೋಗುತ್ತದೆ ಎಂದ. ನಾನು ಚಾಲಕನಾಗಿದ್ದರೂ ಹಾಗೇ ಹೇಳುತ್ತಿದ್ದೆ. ಐದು, ನಾಲ್ಕು, ಮೂರು ಎಣಿಸಿ ಬಿಟ್ಟೆ. ಏನೂ ಆಗಲಿಲ್ಲ, ಹಂತ ಮುಗಿಸಿ ಬಂದ. ಸಂಜೆ ಕಾರಿನ ಬಾಗಿಲು ತೆರೆದು ನೋಡಿದಾಗ ಪಕ್ಕದಲ್ಲಿ ಕುಳಿತು ದಾರಿ ಹೇಳುವ ನ್ಯಾವಿಗೇಟರ್ ಕಾಲಡಿಯ ಮ್ಯಾಟ್ ಪೆಟ್ರೋಲಿನಲ್ಲಿ ನೆನೆದಿತ್ತು, ಹಿಂಡಿದರೆ ಹನಿ ಬೀಳುವಷ್ಟು. ಆ ನ್ಯಾವಿಗೇಟರ್ ಹುಡುಗನಿಗೆ ಇಪ್ಪತ್ತೆರಡು ವರ್ಷ. ಅವತ್ತಿನಿಂದ ವಾಸನೆ ಬಂದ ಕಾರನ್ನು ನಾನು ಬಿಟ್ಟಿಲ್ಲ, ಯಾರದ್ದೇ ಆಗಲಿ.

ಇನ್ನು ನಿಮ್ಮ ದಾರಿ. ನಮ್ಮಲ್ಲಿ ಇಂಡಿಯಾನಾಪೊಲಿಸ್‌ನಂಥ ಓವಲ್ ಇಲ್ಲ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಹೆಸರಿನಲ್ಲಿ ಸ್ಪೀಡ್‌ವೇ ಇದ್ದರೂ ಎಡಬಲ ಎರಡೂ ಕಡೆ ತಿರುಗುವ ಸರ್ಕ್ಯೂಟು. ಚೆನ್ನೈ ಬಳಿಯ ಇರುಂಗಾಟುಕೋಟೆಯದೂ ಹಾಗೆಯೇ. ಆದರೆ ಅಧಿಕಾರಿಯ ಕೆಲಸದ ಗುಣ ಎಲ್ಲ ಕಡೆಯೂ ಒಂದೇ. ಓಡಿಸಿದವರು ಆಡಳಿತಕ್ಕೆ ಬಂದ ದಾರಿ ನಮ್ಮಲ್ಲೂ ಹೊಸದಲ್ಲ. ವಿಕಿ ಚಂದೋಕ್ ಮತ್ತು ಅಕ್ಬರ್ ಇಬ್ರಾಹಿಂ ಇಬ್ಬರೂ ಸ್ಪರ್ಧಿಗಳಾಗಿದ್ದು ಆಮೇಲೆ ಭಾರತದ ಮೋಟರ್ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಅಧ್ಯಕ್ಷರಾದವರು. ಅಧಿಕಾರಿಗಳಿಗೆ ಪರವಾನಗಿ ಕೊಡುವುದು ಅದೇ ಸಂಸ್ಥೆ. ನಿಮ್ಮ ಹೆಸರಿನ ಬಲದಿಂದ ನೇರವಾಗಿ ಸ್ಟೀವರ್ಡ್ ಕೋಣೆಗೆ ಕರೆದರೂ ಹೋಗಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮೊದಲು ಒಂದು ತಿರುವಿನಲ್ಲಿ ಮಾರ್ಷಲ್ ಆಗಿ ಬಾವುಟ ಹಿಡಿದು ನಿಲ್ಲಿ. ಬಿಸಿಲಿನಲ್ಲಿ ಎಂಟು ಗಂಟೆ ನಿಂತು, ಏನೂ ಆಗದ ಏಳೂ ಮುಕ್ಕಾಲು ಗಂಟೆಯನ್ನು ಎಚ್ಚರದಿಂದ ಕಳೆಯುವುದು ಎಂಥದು ಎಂಬುದನ್ನು ಕಾಕ್‌ಪಿಟ್ ನಿಮಗೆ ಕಲಿಸಿಲ್ಲ. ಆಮೇಲೆ ಒಂದು ಋತು ಕಾರುಗಳನ್ನು ತಪಾಸಣೆ ಮಾಡುವ ಸ್ಕ್ರುಟಿನಿಯರ್‌ಗಳ ಜೊತೆ, ಒಂದು ಋತು ಲ್ಯಾಪು ಎಣಿಸುವವರ ಜೊತೆ ಕುಳಿತುಕೊಳ್ಳಿ. ಟೆಕ್ಸಾಸ್‌ನ ತಪ್ಪು ನಡೆದದ್ದು ಆ ಮೇಜಿನಲ್ಲೇ. ಕಂಟ್ರೋಲ್ ಕೋಣೆಗೆ ಅದಾದ ಮೇಲೆ ಹೋಗಿ, ಮೊದಲ ವರ್ಷ ರೇಡಿಯೊ ಕೇಳುತ್ತ ಬರೆದುಕೊಳ್ಳುವ ಕೆಲಸ ಮಾತ್ರ ಮಾಡಿ.

ಮತ್ತೊಂದು ಮಾತು. ನೀವು ಕೊನೆಯದಾಗಿ ಓಡಿಸಿದ ತಂಡ ಸ್ಪರ್ಧಿಸುವ ಯಾವ ರೇಸಿಗೂ ಕನಿಷ್ಠ ಎರಡು ವರ್ಷ ಅಧಿಕಾರಿಯಾಗಿ ಹೋಗಬೇಡಿ. ನಿಯಮ ಬಿಡಲಿ, ಬಿಡದಿರಲಿ, ಕರೆದವರಿಗೆ ಕಾರಣ ಹೇಳಿ ಬರಹದಲ್ಲಿ ತಿಳಿಸಿಬಿಡಿ. ನಿಮ್ಮ ಹಳೆಯ ಮೆಕ್ಯಾನಿಕ್‌ಗಳು ಮುನಿಸಿಕೊಳ್ಳಬಹುದು. ಪ್ಯಾಡಕ್‌ನಲ್ಲಿ ಊಟಕ್ಕೆ ಕರೆದರೆ ಬೇರೆ ಮೇಜಿನಲ್ಲಿ ಕುಳಿತುಕೊಳ್ಳಿ. ಬೆನ್ನಿಗೆ ಸರಿಯಾದ ಬೆಲ್ಟ್ ಒಂದನ್ನು ವೈದ್ಯರನ್ನು ಕೇಳಿ ಕೊಂಡುಕೊಳ್ಳಿ, ಮಾರ್ಷಲ್ ಆದವನಿಗೆ ದಿನವಿಡೀ ನಿಲ್ಲುವ ಕೆಲಸ.